ಪದವಿಯಲ್ಲಿ ಸಾಧಾರಣ ಅಂಕ, ಪರೇಡ್‌ನಲ್ಲಿ ‘ಎ’ ಗ್ರೇಡ್

ಪ್ರಶ್ನೆ: ಅಮೆರಿಕದ ಜನರಲ್ ಕಾಲಿನ್ ಪೊವೆಲ್ ಮಿಲಿಟರಿ ಅಕಾಡೆಮಿಯಲ್ಲಿ ಓದಿದವರಲ್ಲ, ಕಾಲೇಜಿನಿಂದ ನೇರವಾಗಿ ಸೈನ್ಯಕ್ಕೆ ಹೋದವರು ಅಂತ ಕೇಳಿದೆ. ಅದು ನಮ್ಮ ಎನ್‌ಸಿಸಿ ಥರದ್ದೇನಾ? ಮಗಳು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಾಳೆ, ಎನ್‌ಸಿಸಿ ಸೇರಿದ್ದಾಳೆ. ಓದು ಹಾಳಾಗುತ್ತೇನೋ ಅನ್ನೋ ಭಯ ನಮಗೆ.

ಉತ್ತರ: ನೀವು ಕೇಳಿದ್ದು ನಿಜ. ಪೊವೆಲ್ ಅವರ ತಂದೆ ತಾಯಿ ಜಮೈಕಾದಿಂದ ವಲಸೆ ಬಂದವರು. ಮಗ 1954ರಲ್ಲಿ ನ್ಯೂಯಾರ್ಕ್‌ನ ಸಿಟಿ ಕಾಲೇಜು ಸೇರಿದ. ಮೊದಲು ಎಂಜಿನಿಯರಿಂಗ್ ಹಿಡಿದ. ಅದು ಹಿಡಿಸಲಿಲ್ಲ, ಭೂವಿಜ್ಞಾನಕ್ಕೆ ಬದಲಾಯಿಸಿಕೊಂಡ. ಅಲ್ಲೂ ಅಂಕ ಅಷ್ಟಕ್ಕಷ್ಟೇ.

ಆದರೆ ಆರ್‌ಒಟಿಸಿ ಎಂಬ, ಕಾಲೇಜಿನಲ್ಲೇ ನಡೆಯುವ ಸೇನಾ ಅಧಿಕಾರಿ ತರಬೇತಿ ಸೇರಿದ ಮೇಲೆ ಹುಡುಗ ಬೇರೆಯೇ ಆದ. ಅದರೊಳಗೆ ‘ಪರ್ಶಿಂಗ್ ರೈಫಲ್ಸ್’ ಎಂಬ ಡ್ರಿಲ್ ತಂಡವಿತ್ತು. ಸಮವಸ್ತ್ರದ ಭುಜಕ್ಕೆ ಹೆಣೆದ ಹುರಿ ಕಟ್ಟಿಕೊಳ್ಳುತ್ತಿದ್ದ ಆ ಹುಡುಗರ ಶಿಸ್ತು, ಒಬ್ಬರಿಗೊಬ್ಬರು ನಿಲ್ಲುವ ಸ್ನೇಹ ಅವನನ್ನು ಸೆಳೆಯಿತು. ‘ಇದು ನನ್ನ ಜಾಗ’ ಅಂತ ಅನಿಸಿದ್ದು ಅಲ್ಲೇ. ಆರ್‌ಒಟಿಸಿ ವಿಷಯಗಳಲ್ಲಿ ‘ಎ’ ಗ್ರೇಡ್‌ಗಳೇ ಬಂದವು, ಒಟ್ಟು ಅಂಕವನ್ನು ಮೇಲೆತ್ತಿದ್ದೂ ಅವೇ. ಕೊನೆಯ ವರ್ಷಕ್ಕೆ ಕೆಡೆಟ್ ಕರ್ನಲ್, ಅಂದರೆ ಆ ತರಬೇತಿಯ ವಿದ್ಯಾರ್ಥಿಗಳಲ್ಲಿ ಅತಿ ಮೇಲಿನ ದರ್ಜೆಯವನು, ಆದ. 1958ರಲ್ಲಿ ಪದವಿ ಬಂತು, ಜೊತೆಗೆ ಸೆಕೆಂಡ್ ಲೆಫ್ಟಿನೆಂಟ್ ಹುದ್ದೆಯೂ. 1989ರಲ್ಲಿ ಅವರು ಅಮೆರಿಕದ ಸೇನಾ ಮುಖ್ಯಸ್ಥರ ಜಂಟಿ ಸಮಿತಿಯ ಅಧ್ಯಕ್ಷರಾದರು. ಆ ಹುದ್ದೆಗೇರಿದ ಮೊದಲ ಕಪ್ಪು ಜನಾಂಗದವರು, ಆರ್‌ಒಟಿಸಿಯಿಂದ ಬಂದವರಲ್ಲೂ ಮೊದಲಿಗರು.

ತನ್ನ ಶಕ್ತಿ ಎಲ್ಲಿದೆ ಅಂತ ಆ ಹುಡುಗನಿಗೆ ಗೊತ್ತಾಗಿದ್ದು ತರಗತಿಯಲ್ಲಿ ಅಲ್ಲ, ಡ್ರಿಲ್ ಮೈದಾನದಲ್ಲಿ. ನನಗೆ ತುಂಬಾ ಮುಖ್ಯ ಅನಿಸೋದು ಇದೇ. ಹಾಗಾಗಿ ಮಗಳನ್ನು ಎನ್‌ಸಿಸಿಯಿಂದ ಬಿಡಿಸಬೇಡಿ.

ಆದರೆ ಎರಡೂ ಒಂದೇ ಅಲ್ಲ. ಆರ್‌ಒಟಿಸಿಯ ಪೂರ್ತಿ ತರಬೇತಿ ಮುಗಿಸಿದವರಿಗೆ ಪದವಿಯ ಜೊತೆಗೇ ಅಧಿಕಾರಿ ಹುದ್ದೆ ಸಿಗುತ್ತದೆ. ನಮ್ಮ ಎನ್‌ಸಿಸಿ ಹುದ್ದೆ ಕೊಡುವುದಿಲ್ಲ, ದಾರಿ ಸುಲಭ ಮಾಡುತ್ತದೆ. ಎನ್‌ಸಿಸಿಯ ಕೊನೆಯ ಹಂತದ ‘ಸಿ’ ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ‘ಬಿ’ ಗ್ರೇಡ್ ಇದ್ದರೆ, ಎನ್‌ಸಿಸಿಯವರಿಗಾಗಿ ಸೇನೆಯಲ್ಲಿರುವ ಸ್ಪೆಷಲ್ ಎಂಟ್ರಿಯಲ್ಲಿ ಲಿಖಿತ ಪರೀಕ್ಷೆ ಇಲ್ಲದೆ ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳನ್ನು ಆರಿಸುವ ಮಂಡಳಿ) ಸಂದರ್ಶನಕ್ಕೆ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೂ ಈ ಅವಕಾಶವಿದೆ. ಎಸ್‌ಎಸ್‌ಬಿ ಕೇಂದ್ರ ನಮ್ಮ ಬೆಂಗಳೂರಲ್ಲೂ ಇದೆ. ಆಯ್ಕೆಯಾದರೆ ಚೆನ್ನೈನ ಅಕಾಡೆಮಿಯಲ್ಲಿ ತರಬೇತಿ.

ಅದಕ್ಕೆ ಪದವಿಯಲ್ಲಿ ಶೇ 50 ಅಂಕ ಬೇಕೇ ಬೇಕು. ಹಾಗಾಗಿ ಓದನ್ನು ಪೂರ್ತಿ ಕೈಬಿಡುವಂತಿಲ್ಲ. ಕ್ಯಾಂಪ್‌ಗಳು ಯಾವ ತಿಂಗಳಲ್ಲಿವೆ, ‘ಬಿ’ ಮತ್ತು ‘ಸಿ’ ಪರೀಕ್ಷೆ ಯಾವಾಗ ಅಂತ ಕಾಲೇಜಿನ ಎನ್‌ಸಿಸಿ ಅಧಿಕಾರಿಯನ್ನು ಈಗಲೇ ಕೇಳಿಕೊಳ್ಳಲಿ.