ಒಣಗದ ಸಾಕ್ಸ್ ಮತ್ತು ಹನ್ನೊಂದರ ಹುಡುಗ

ಕೊಡಗಿನ ನಾಪೋಕ್ಲು ಕಡೆಯ ಒಬ್ಬ ತಾಯಿ ಬರೆದ ಪತ್ರದ ಸಾರ ಇದು: "ಮಗನಿಗೆ 11 ವರ್ಷ, ಆರನೇ ಕ್ಲಾಸು. ಮಳೆ ಹಿಡಿದ ಮೇಲೆ ಸ್ನಾನ ಅಂದರೆ ಓಡಿಹೋಗುತ್ತಾನೆ. ನಿನ್ನೆಯ ಸಾಕ್ಸನ್ನೇ ಮತ್ತೆ ಹಾಕಿಕೊಳ್ಳುತ್ತಾನೆ. ಹತ್ತಿರ ಬಂದರೆ ಬೆವರಿನ ವಾಸನೆ. ತೊಡೆಸಂದಿಯಲ್ಲಿ ಹುಳುಕಡ್ಡಿ ಆಗಿದೆ. ಮೆಡಿಕಲ್‌ನಿಂದ ಟ್ಯೂಬ್ ತಂದು ಹಚ್ಚುತ್ತಿದ್ದೇವೆ, ಹೋದ ಹಾಗೆ ಆಗಿ ಮತ್ತೆ ಬರುತ್ತದೆ. ಬೈದೆ, ಅವನ ತಂಗಿಯ ಎದುರು ನಾಚಿಕೆ ಮಾಡಿಸಿದೆ, ಒಂದು ಸಲ ಹೊಡೆದೂಬಿಟ್ಟೆ. ಯಜಮಾನರು 'ಗಂಡು ಹುಡುಗರು ಹಾಗೇ, ಬಿಡು' ಅನ್ನುತ್ತಾರೆ. ಏನು ಮಾಡಲಿ?"

ಅಕ್ಕ,

ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾಗಿದ್ದು ನನ್ನದೇ ಯೂನಿಫಾರ್ಮ್. ಸೋಮವಾರಪೇಟೆ ಕಡೆ ಏಳನೇ ಕ್ಲಾಸು ಓದುತ್ತಿದ್ದೆ. ಇದ್ದದ್ದು ಎರಡೇ ಜೊತೆ. ಅಮ್ಮ ರಾತ್ರಿ ಒಗೆದು ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಹಾಕುತ್ತಿದ್ದರು. ಬೆಳಿಗ್ಗೆ ನೋಡಿದರೆ ಬಟ್ಟೆ ಅರ್ಧ ಒಣಗಿರುತ್ತಿತ್ತು, ಹೊಗೆ ವಾಸನೆ ಮಾತ್ರ ಪೂರ್ತಿ ಹಿಡಿದಿರುತ್ತಿತ್ತು. ಒಂದು ದಿನ ಟೀಚರ್ ಒಬ್ಬರು ಇಡೀ ಕ್ಲಾಸಿನ ಎದುರು ಮೂಗು ಮುಚ್ಚಿಕೊಂಡು, "ಸ್ನಾನ ಮಾಡಿಲ್ವಾ?" ಅಂದರು. ಮಾಡಿದ್ದೆ. ಹೇಳಲು ಬಾಯಿ ಬರಲಿಲ್ಲ. ಆ ವರ್ಷವೆಲ್ಲ ಕಿಟಕಿ ಪಕ್ಕದ ಬೆಂಚು ಹುಡುಕಿಕೊಂಡು ಕೂತೆ. ಆ ಮಾತಿನಿಂದ ನಾನು ಹೆಚ್ಚು ಶುಚಿಯಾಗಲಿಲ್ಲ. ಯಾರ ಹತ್ತಿರವೂ ಕೂರದೆ ಇರುವುದನ್ನು ಕಲಿತೆ, ಅಷ್ಟೇ.

ಅದಕ್ಕೇ ಕೇಳಿಕೊಳ್ಳುತ್ತೇನೆ, ತಂಗಿಯ ಎದುರು ಹೇಳುವುದನ್ನು ಇವತ್ತಿಗೇ ನಿಲ್ಲಿಸಿ. ಹೊಡೆದದ್ದಕ್ಕೆ ನಿಮಗೆ ಬೇಜಾರಾಗಿದೆ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ಅದನ್ನು ಅವನಿಗೂ ಹೇಳಿಬಿಡಿ.

ಈಗ ವಾಸನೆಯ ವಿಷಯ. ಹೋದ ವರ್ಷದವರೆಗೆ ಎರಡು ದಿನ ಸ್ನಾನ ಮಾಡದಿದ್ದರೂ ಅವನಿಗೆ ಈ ವಾಸನೆ ಇರಲಿಲ್ಲ, ಅಲ್ವಾ? ಹುಡುಗರಲ್ಲಿ 9ರಿಂದ 14ರ ಒಳಗೆ, ಹುಡುಗಿಯರಲ್ಲಿ 8ರಿಂದ 13ರ ಒಳಗೆ ಮೈ ದೊಡ್ಡದಾಗುವ ಬದಲಾವಣೆ ಶುರುವಾಗುತ್ತದೆ. ಕಂಕುಳಲ್ಲಿ, ತೊಡೆಸಂದಿಯಲ್ಲಿ ಒಂದು ಬಗೆಯ ಬೆವರಿನ ಗ್ರಂಥಿಗಳಿವೆ. ಅವು ಅಲ್ಲಿಯವರೆಗೆ ಸುಮ್ನೆ ಇದ್ದು ಆಮೇಲೆ ಕೆಲಸ ಶುರು ಮಾಡುತ್ತವೆ. ಆ ಬೆವರಿಗೆ ತನ್ನದೇ ವಾಸನೆ ಹೆಚ್ಚೇನೂ ಇಲ್ಲ. ಚರ್ಮದ ಮೇಲಿರುವ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ವಾಸನೆ ಏಳುತ್ತದೆ. ಇಷ್ಟನ್ನು ಅವನಿಗೆ ಹೇಳಿ. "ನೀನು ಗಲೀಜು" ಅನ್ನುವ ಬದಲು "ನೀನು ದೊಡ್ಡವನಾಗ್ತಾ ಇದ್ದೀಯ, ಹಳೇ ಲೆಕ್ಕದ ಸ್ನಾನ ಇನ್ನು ಸಾಲೋದಿಲ್ಲ" ಅಂದರೆ ಯಾವ ಹುಡುಗನೂ ಕಿವಿ ಕೊಡುತ್ತಾನೆ.

ಸ್ನಾನದ ಹೊತ್ತನ್ನೂ ಬದಲಿಸಿ ಅಂತ ನನ್ನ ಸಲಹೆ. ಬೆಳಿಗ್ಗೆ ಆರೂವರೆಗೆ, ಹೊರಗೆ ಧೋ ಅಂತ ಸುರಿಯುವಾಗ, ಏಳೂವರೆಯ ಬಸ್ಸಿನ ಗಡಿಬಿಡಿಯಲ್ಲಿ ಬಟ್ಟೆ ಬಿಚ್ಚು ಅಂದರೆ ದೊಡ್ಡವರಿಗೇ ಮನಸ್ಸಾಗುವುದಿಲ್ಲ. ಸಂಜೆ ಹೇಗೂ ನೆನೆದೇ ಬರುತ್ತಾನೆ. ಕಾಲಿಗೆ ಕೆಸರು, ಕೆಲವು ದಿನ ಜಿಗಣೆ ಬೇರೆ. ಆಗ ಹಂಡೆಯಲ್ಲಿ ಬಿಸಿನೀರು ಕಾದಿರಲಿ. ಬ್ಯಾಗ್ ಇಟ್ಟವನೇ ಬಚ್ಚಲಿಗೆ ಹೋಗಲಿ, ತಿಂಡಿ ಆಮೇಲೆ. ಬಚ್ಚಲ ಒಲೆಗೆ ಬೆಂಕಿ ಹಾಕುವ ಕೆಲಸವನ್ನು ಅವನಿಗೇ ಕೊಡಿ, ದೊಡ್ಡವರು ಯಾರಾದರೂ ಹತ್ತಿರ ಇರಲಿ. ತಾನೇ ಕಾಯಿಸಿದ ನೀರನ್ನು ಬಿಟ್ಟು ಓಡಿಹೋಗುವ ಹುಡುಗರು ಕಡಿಮೆ. ಬೆಳಿಗ್ಗೆ ಮುಖ, ಕಂಕುಳು ತೊಳೆದು ಒರೆಸಿಕೊಂಡರೆ ಸಾಕು.

ಸೋಪು ಎಲ್ಲೆಲ್ಲಿ ಹಚ್ಚಬೇಕು ಅಂತ ಒಂದು ಸಲ ಬಿಡಿಸಿ ಹೇಳಬೇಕು. ಕಂಕುಳು, ತೊಡೆಸಂದಿ, ಪಾದ. ತುಂಬಾ ಮಕ್ಕಳು ತಲೆ ಮೇಲೆ ನಾಲ್ಕು ಚೊಂಬು ಸುರಿದುಕೊಂಡು ಸ್ನಾನ ಆಯ್ತು ಅಂದುಕೊಳ್ಳುತ್ತಾರೆ. ಅವರಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ. ಸ್ನಾನ ಆದಮೇಲೆ ಕಾಲುಬೆರಳ ಸಂದಿಯನ್ನು ಒಂದೊಂದಾಗಿ ಒರೆಸಬೇಕು. ನಮ್ಮ ಮಳೆಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಅಲ್ಲಿ ಚರ್ಮ ಬೆಳ್ಳಗೆ ಬೆಂದ ಹಾಗಾಗಿ ತುರಿಸಲು ಶುರುವಾದರೆ ಅದು ಸಾಮಾನ್ಯವಾಗಿ ಫಂಗಸ್. ಬೇಕಾದ್ದು ಒಣಗಿದ ಕಾಲು ಮತ್ತು ಔಷಧಿ, ಪೌಡರ್ ಮೆತ್ತಿದರೆ ಹೋಗುವುದಿಲ್ಲ.

ಸಾಕ್ಸಿನ ಬಗ್ಗೆ ನನಗೆ ಅವನ ಮೇಲೆ ಕೋಪ ಬರಲಿಲ್ಲ ಅಕ್ಕ. ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ನಮ್ಮ ಮಳೆ ತಿಂಗಳಲ್ಲಿ, ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಒಗೆದ ಸಾಕ್ಸ್ ತಣ್ಣಗೆ ಒದ್ದೆಯಾಗಿದ್ದು, ನಿನ್ನೆಯದು ಸ್ವಲ್ಪ ಬೆಚ್ಚಗಿದ್ದರೆ ನಾನೂ ನಿನ್ನೆಯದನ್ನೇ ಹಾಕಿಕೊಳ್ಳುತ್ತಿದ್ದೆ. ನಿಧಾನವಾಗಿ ಒಣಗುವ ಬಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಆ ಮುಗ್ಗುಲು ವಾಸನೆ ಮೈಗೂ ಬರುತ್ತದೆ. ಮಳೆಗಾಲಕ್ಕೆ ಐದಾರು ಜೊತೆ ಹತ್ತಿಯ ಸಾಕ್ಸ್, ಅಷ್ಟೇ ಒಳಚಡ್ಡಿ ಬೇಕೇ ಬೇಕು. ಒಗೆದು ಹಿಂಡಿದ ಮೇಲೆ ಒಣ ಟವೆಲ್‌ನಲ್ಲಿ ಸುತ್ತಿ ಇನ್ನೊಮ್ಮೆ ಹಿಂಡಿ, ಆಮೇಲೆ ಫ್ಯಾನಿನ ಕೆಳಗೆ ಅಥವಾ ಒಲೆ ಮೇಲಿನ ಅಟ್ಟದಲ್ಲಿ ಹರಡಿ. ಕರೆಂಟ್ ಇದ್ದರೆ ಬೆಳಿಗ್ಗೆ ಇಸ್ತ್ರಿ ಹಾಕಿದರೆ ಉಳಿದ ತೇವ ಹೋಗುತ್ತದೆ. ಶೂ ಒಳಗೆ ರಾತ್ರಿ ಹಳೇ ಪೇಪರ್ ತುರುಕಿ, ಮಲಗುವ ಮುಂಚೆ ಒಂದು ಸಲ ಆ ಪೇಪರ್ ಬದಲಿಸಿ. ಒಳಗಿನ ಅಟ್ಟೆ ತೆಗೆದು ಬೇರೆ ಒಣಗಿಸಿ. ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರಿಗೆ ಹಾಕಿದ ಒಂದು ಒಣ ಜೊತೆ ಸಾಕ್ಸ್ ಸದಾ ಇರಲಿ. ರಸ್ತೆವರೆಗೆ ಚಪ್ಪಲಿ ಹಾಕಿ ನಡೆದು, ಶಾಲೆಯಲ್ಲಿ ಶೂ ಹಾಕಿಕೊಳ್ಳಲು ಬಿಡುತ್ತಾರಾ ಅಂತ ಕೇಳಿ ನೋಡಿ. ಇದನ್ನು ಓದುತ್ತಿರುವ ಮೇಷ್ಟ್ರುಗಳನ್ನೂ ಕೇಳಿಕೊಳ್ಳುತ್ತೇನೆ: ಜುಲೈ, ಆಗಸ್ಟ್‌ನಲ್ಲಾದರೂ ಮಕ್ಕಳನ್ನು ಚಪ್ಪಲಿಯಲ್ಲೇ ಬರಲು ಬಿಡಿ. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಮಕ್ಕಳಿಗೆ ಅಟ್ಟವೂ ಇಲ್ಲ, ಎರಡನೇ ಜೊತೆ ಶೂವೂ ಇಲ್ಲ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಆ ಟ್ಯೂಬ್. ಹುಳುಕಡ್ಡಿಗೆ ಅಂತ ಕೌಂಟರಿನಲ್ಲಿ ಕೊಡುವ ಎಷ್ಟೋ ಮುಲಾಮುಗಳಲ್ಲಿ ಫಂಗಸ್ ಔಷಧಿಯ ಜೊತೆ ಸ್ಟಿರಾಯ್ಡ್ ಬೆರೆತಿರುತ್ತದೆ. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಕ್ಲೋಬೆಟಾಸೋಲ್, ಬೆಕ್ಲೋಮೆಥಾಸೋನ್ ಅಥವಾ ಬೆಟಾಮೆಥಾಸೋನ್ ಅಂತ ಇದೆಯಾ ನೋಡಿ. ಸ್ಟಿರಾಯ್ಡ್ ಎರಡೇ ದಿನದಲ್ಲಿ ತುರಿಕೆ, ಕೆಂಪು ಎರಡನ್ನೂ ಅಡಗಿಸುತ್ತದೆ. ವಾಸಿಯಾಯ್ತು ಅಂತ ನಾವು ಬಿಡುತ್ತೇವೆ. ಒಳಗೆ ಫಂಗಸ್ ಆರಾಮಾಗಿ ಹರಡಿರುತ್ತದೆ, ಮತ್ತೆ ಬರುವಾಗ ಇನ್ನೂ ಅಗಲವಾಗಿ ಬರುತ್ತದೆ. ತೊಡೆಸಂದಿಯ ಚರ್ಮ ತೆಳು. ಅಲ್ಲಿ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನೂ ತೆಳುವಾಗಿ ಬಿಳಿ ಗೆರೆ ಬೀಳುತ್ತದೆ, ಆ ಗೆರೆ ಹೋಗುವುದಿಲ್ಲ. ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ಮಡಿಕೇರಿಯ ದೊಡ್ಡಾಸ್ಪತ್ರೆಯಲ್ಲಿ ತೋರಿಸಬಹುದು. ಅವರು ಹೇಳಿದಷ್ಟು ವಾರ ಪೂರ್ತಿ ಹಚ್ಚಿ, ಮಚ್ಚೆ ಕಾಣದೇ ಹೋದರೂ ಬಿಡಬೇಡಿ. ಮನೆಯಲ್ಲಿ ಇನ್ನೊಬ್ಬರಿಗೆ ತುರಿಕೆ ಇದ್ದರೆ ಅವರನ್ನೂ ತೋರಿಸಿ, ಇಲ್ಲದಿದ್ದರೆ ಅದು ಮನೆಯೊಳಗೇ ಸುತ್ತುತ್ತಿರುತ್ತದೆ. ಅವನ ಟವೆಲ್ ಬೇರೆ ಇರಲಿ, ಒಳಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ.

ಇನ್ನು ನಿಮ್ಮ ಯಜಮಾನರಿಗೆ ಎರಡು ಮಾತು, ಅವರಿಗೂ ಓದಿ ಹೇಳಿ. ಅಣ್ಣ, ಇದು ನಿಮ್ಮ ಕೆಲಸ. ಗಂಡು ಮಕ್ಕಳು ಮುಂದೊಗಲನ್ನು ಸ್ನಾನದಲ್ಲಿ ಸುಲಭವಾಗಿ ಸರಿಯುವಷ್ಟೇ ಹಿಂದೆ ಸರಿಸಿ, ನೀರಲ್ಲಿ ತೊಳೆದು, ಮತ್ತೆ ಮುಂದಕ್ಕೆ ತರಬೇಕು. ಬಲವಂತವಾಗಿ ಎಳೆಯಬಾರದು. 11 ವರ್ಷದ ಹುಡುಗ ಇದನ್ನು ಅಮ್ಮನ ಹತ್ತಿರ ಕೇಳುವುದಿಲ್ಲ. ನೀವು ಹೇಳದಿದ್ದರೆ ಯಾರು ಹೇಳಬೇಕು? ತೋಟದಿಂದ ಬಂದು ನೀವು ಮೈ ತೊಳೆದುಕೊಳ್ಳುತ್ತೀರಲ್ಲ, ಆ ಹೊತ್ತಿಗೆ ಅವನನ್ನೂ ಕರೆದು ಮಾತಾಡಿ.

ಮಾತು ಹೇಗೆ ಶುರು ಮಾಡುವುದು ಅನ್ನುವವರಿಗೆ ಕಕ್ಕಡ 18, ಆ ತಿಂಗಳ ಹದಿನೆಂಟನೇ ದಿನ, ಇದೆಯಲ್ಲ. ಅವತ್ತು ಉಚ್ಚೆಗೆ ಬಣ್ಣ ಬರಿಸುವ ಮದ್ದು ಸೊಪ್ಪಿನ ಪಾಯಸ ತಿಂದ ಮೇಲೆ ಉಚ್ಚೆಯ ಬಣ್ಣ ಬದಲಾಯ್ತಾ ಅಂತ ಅಜ್ಜಿಯಿಂದ ಹಿಡಿದು ಮೊಮ್ಮಗನವರೆಗೆ ಎಲ್ಲರೂ ಕೇಳಿಕೊಂಡು ನಗುತ್ತೇವೆ. ಆ ದಿನ ಯಾರಿಗೂ ನಾಚಿಕೆ ಇಲ್ಲ. ಕಂಕುಳ ಬೆವರಿನ ಬಗ್ಗೆಯೂ ಅದೇ ದನಿಯಲ್ಲಿ ಮಾತಾಡಬಹುದು.

ಮಗಳ ಬಗ್ಗೆ ನೀವು ಪತ್ರದ ಕೊನೆಯಲ್ಲಿ "ಅವಳಿಗಿನ್ನೂ ಒಂಬತ್ತು, ಅದೆಲ್ಲ ಆಮೇಲೆ" ಅಂತ ಬರೆದಿದ್ದೀರಿ. ಆಮೇಲೆ ಬೇಡ. ಹತ್ತು, ಹನ್ನೊಂದಕ್ಕೇ ಮುಟ್ಟಾಗುವ ಮಕ್ಕಳಿದ್ದಾರೆ. ಏನೂ ಗೊತ್ತಿಲ್ಲದೆ ಶಾಲೆಯ ಶೌಚಾಲಯದಲ್ಲಿ ರಕ್ತ ನೋಡಿದ ಹುಡುಗಿಯ ಭಯವನ್ನು ಯೋಚಿಸಿ. ಪ್ಯಾಡ್ ಹೇಗೆ ಇಟ್ಟುಕೊಳ್ಳುವುದು, ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸುವುದು, ಪೇಪರಲ್ಲಿ ಸುತ್ತಿ ಬಿಸಾಡುವುದು, ಇದನ್ನು ಈಗಲೇ ತೋರಿಸಿ. ಬಟ್ಟೆ ಬಳಸುವ ಮನೆಯಾದರೆ ಒಂದು ಮಾತು ನೆನಪಿಡಿ: ಮಳೆಗಾಲದಲ್ಲಿ ಅದನ್ನು ಮೂಲೆಯಲ್ಲಿ ಮುಚ್ಚಿಟ್ಟು ಒಣಗಿಸಿದರೆ ತೇವ ಹೋಗುವುದೇ ಇಲ್ಲ. ಸರ್ಕಾರಿ ಶಾಲೆಯ ಹುಡುಗಿಯರಿಗೆ ಪ್ಯಾಡ್ ಕೊಡುವ ಶುಚಿ ಯೋಜನೆ 2013-14ರಲ್ಲಿ ಶುರುವಾಯಿತು, ನಡುವೆ ಕೆಲವು ವರ್ಷ ನಿಂತೂ ಹೋಗಿತ್ತು. ನಿಮ್ಮ ಶಾಲೆಗೆ ಬರುತ್ತಿದೆಯಾ ಅಂತ ಕೇಳುವ ಹಕ್ಕು ನಿಮಗಿದೆ.

ಹಲ್ಲು, ಉಗುರು, ಕೈ ತೊಳೆಯುವುದು ಇವು ನಿಮಗೆ ಗೊತ್ತಿರುವುದೇ. ಒಂದೆರಡು ಮಾತು ಮಾತ್ರ ಸೇರಿಸುತ್ತೇನೆ. 12ರ ಸುಮಾರಿಗೆ ಹಿಂದುಗಡೆ ಹೊಸ ದವಡೆ ಹಲ್ಲು ಬರುತ್ತದೆ, ಬ್ರಶ್ ಅಲ್ಲಿವರೆಗೆ ಹೋಗುತ್ತಿದೆಯಾ ನೋಡಿ. ರಾತ್ರಿಯ ಬ್ರಶ್ ಬಿಡಬಾರದು. ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆ, 400 ಮಿಲಿಗ್ರಾಂ ಅಲ್ಬೆಂಡಜೋಲ್, ತಪ್ಪಿಸಬೇಡಿ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಕೊಕ್ಕೆಹುಳು ಪಾದದ ಚರ್ಮದಿಂದಲೇ ಒಳಗೆ ಹೋಗುತ್ತದೆ. ಡಿಯೋಡರೆಂಟ್ ಕೇಳಿದರೆ ಕೊಡಿಸಿ, ತಪ್ಪೇನಿಲ್ಲ. ತೊಳೆದು ಒರೆಸಿದ ಮೈಗೆ ಮಾತ್ರ ಹಾಕಿಕೊಳ್ಳಬೇಕು ಅನ್ನುವ ಕರಾರಿನ ಮೇಲೆ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಮೊದಲ ಎರಡು ವಾರ ಸಂಜೆಯ ಸ್ನಾನ ಮತ್ತು ಕಾಲುಬೆರಳು, ಅಷ್ಟೇ. ಒಂದು ದಿನ ತಪ್ಪಿಸಿದರೆ ಅದನ್ನೇ ಎತ್ತಾಡಬೇಡಿ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಹೇಗಿದ್ದಾನೆ ಅಂತ ಒಂದು ಸಾಲು ಬರೆಯಿರಿ, ನಾನು ಕಾಯುತ್ತಿರುತ್ತೇನೆ. ಆ ಟ್ಯೂಬಿನ ವಿಷಯ ಮಾತ್ರ ಅಲ್ಲಿಯವರೆಗೆ ತಳ್ಳಬೇಡಿ. ಈ ವಾರವೇ ಮಡಿಕೇರಿಗೆ ಹೋಗಿಬನ್ನಿ.

— ಸಂಪಾದಕ