ಆನ್‌ಲೈನ್ ವಂಶಾವಳಿ ನಂಬಬಹುದೇನ್ರಿ?

ಪ್ರಶ್ನೆ: ಸರ, ನಮಸ್ಕಾರ್ರಿ. ನಮ್ಮ ಹೊಲಾ ಇನ್ನೂ ಅಜ್ಜನ ಹೆಸರಿನ್ಯಾಗ ಐತಿ, ವಾರಸಾ ಮಾಡಸಾಕ ವಂಶಾವಳಿ ತರ್ರಿ ಅಂತಾರ. ಫೇಸ್‌ಬುಕ್ಕಿನ್ಯಾಗ ಒಂದು ಜಾಹೀರಾತು ನೋಡಿದೆ, ಏಳು ತಲಿಮಾರಿನ ವಂಶಾವಳಿ ಸರ್ಟಿಫಿಕೇಟ್ ಮನೀಗೆ ಕಳಸ್ತೀವಿ, 1,999 ರೂಪಾಯಿ ಕಟ್ರಿ ಅಂತ. ಸ್ಯಾಂಪಲ್ ಅಂತ ಅಜ್ಜನ ಅಸಲು ಜನನ ದಾಖಲಿ ಕಳಿಸ್ಯಾರ, 1921ರ ತಾರೀಖು, ಕಂದು ಬಣ್ಣದ ಹಳೇ ಕಾಗದ, ಸೀಲು, ಮ್ಯಾಲೆ ‘ಕರ್ನಾಟಕ ಸರ್ಕಾರ, ಗದಗ ಜಿಲ್ಲಾ’. ನನ್ನ ಆಧಾರ್ ಫೋಟೋ ಆಗಲೇ ಕಳಿಸೀನಿ. ತಮ್ಮ ಫಾರಿನ್ ವೆಬ್‌ಸೈಟ್ ಛಲೋ ಅಂತಾನ. ಏನ್ ಮಾಡ್ಲಿ?
– ಓದುಗರು, ರೋಣ ತಾಲೂಕು

ಉತ್ತರ: ರೊಕ್ಕ ಕಟ್ಟಬ್ಯಾಡ್ರಿ. 1921ರಾಗ ಗದಗ ಜಿಲ್ಲಾ ಎಲ್ಲಿತ್ರಿ? ರೋಣ ಆಗ ಧಾರವಾಡ ಜಿಲ್ಲಾದಾಗ, ಮುಂಬೈ ಪ್ರಾಂತ್ಯದಾಗ ಇತ್ತು. ಕರ್ನಾಟಕ ಅಂತ ಹೆಸರಿಟ್ಟಿದ್ದು 1973ರಾಗ, ಗದಗ ಹಾವೇರಿ ಬ್ಯಾರೆ ಜಿಲ್ಲಾ ಆಗಿದ್ದು 1997ರಾಗ. ಇವತ್ತು ಕಚೇರಿಯಿಂದ ನಕಲು ತಗದ್ರ ಈಗಿನ ಹೆಸರು ಇರತೈತಿ, ಅದು ಬ್ಯಾರೆ ಮಾತು, ಆದ್ರ ಇವರು ಅಸಲು ಅಂತ ಕಳಿಸ್ಯಾರಲ್ಲ! ಕಾಗದಕ್ಕ ಚಾ ಹಚ್ಚಿ ಹಳೇದು ಮಾಡೋರಿಗೆ ಇಷ್ಟು ಇತಿಹಾಸ ಗೊತ್ತಿರಬೇಕಿತ್ತು.

ವಾರಸಾಕ್ಕ ನಡಿಯೋ ವಂಶವೃಕ್ಷ ನಾಡಕಚೇರಿದು. ಅದಕ್ಕೂ ಆನ್‌ಲೈನ್ ಅರ್ಜಿ ಐತಿ, ಗ್ರಾಮ ಒನ್‌ದಾಗೂ ಹಾಕಬಹುದು, ವೆಬ್‌ಸೈಟ್ ವಿಳಾಸದ ಕೊನೀಗೆ ‘ಡಾಟ್ ಗವ್ ಡಾಟ್ ಇನ್’ ಐತೇನು ಅಂತ ಅಷ್ಟು ನೋಡ್ರಿ. ಅಫಿಡವಿಟ್ ಕೊಡಬೇಕು, ಆಮೇಲೆ ತಲಾಟಿ (ಈಗ ಗ್ರಾಮ ಆಡಳಿತಾಧಿಕಾರಿ ಅಂತಾರ) ಊರಾಗ ವಿಚಾರಿಸಿ ವರದಿ ಕೊಡ್ತಾರ. ಅಕ್ಕತಂಗ್ಯಾರ ಹೆಸರು ಬಿಟ್ಟು ಬರಸಬ್ಯಾಡ್ರಿ ಮತ್ತ, ಹಿಂದೂ ಉತ್ತರಾಧಿಕಾರ ಕಾಯ್ದೆಕ್ಕ 2005ರಾಗ ತಿದ್ದುಪಡಿ ಆದಮ್ಯಾಲೆ ಪಿತ್ರಾರ್ಜಿತದಾಗ ಹೆಣ್ಣಮಕ್ಕಳಿಗೂ ಸಮಪಾಲು, ಬಿಟ್ಟು ಬರಸಿದವರು ಕೋರ್ಟಿಗೆ ಅಡ್ಡ್ಯಾಡಾಕ ಹತ್ಯಾರ.

ತಮ್ಮ ಹೇಳಿದ ಫಾರಿನ್ ವೆಬ್‌ಸೈಟ್ ಕಳ್ಳರವೇನಲ್ಲ. ಫ್ಯಾಮಿಲಿಸರ್ಚ್ ಅಮೆರಿಕಾದ ಮಾರ್ಮನ್ ಚರ್ಚಿನವರದು, ಪುಕ್ಕಟೆ, ಹರಿದ್ವಾರದ ಪಂಡಾಗಳು (ತೀರ್ಥದ ಪುರೋಹಿತರು) ಬರೆದಿಟ್ಟ ವಂಶಾವಳಿ ವಹಿ ಸುದ್ದಾ ಫಿಲ್ಮ್ ಮಾಡಿಟ್ಟಾರ. ಆನ್‌ಸೆಸ್ಟ್ರಿ, ಮೈಹೆರಿಟೇಜ್‌ಗೆ ರೊಕ್ಕ ಬೀಳತೈತಿ. ಆದ್ರ ಅವರ ಕಡೆ ಹೆಚ್ಚಾಗಿ ಇರೋದು ಯುರೋಪ್ ಅಮೆರಿಕಾದ ಜನಗಣತಿ, ಚರ್ಚಿನ ಪುಸ್ತಕ, ಹಡಗಿನ್ಯಾಗ ಬಂದವರ ಪಟ್ಟಿ, ರೋಣದ ರೈತ ಅದರಾಗ ಎಲ್ಲಿ ಸಿಗಬೇಕು? ಮ್ಯಾಲೆ ಮಂದಿ ತಾವ ಟೈಪ್ ಮಾಡಿ ಹಾಕಿದ ವಂಶವೃಕ್ಷನೂ ಭಾಳ ಇರ್ತಾವ, ಖರೇನ ಸುಳ್ಳ ಅಂತ ಪರೀಕ್ಷೆ ಮಾಡೋರು ಯಾರೂ ಇರಂಗಿಲ್ಲ. ಫ್ರೀ ಟ್ರಯಲ್ ಅಂತ ಕಾರ್ಡ್ ನಂಬರ್ ಕೊಟ್ರ ದಿನಾ ಮುಗಿದಕೂಡ್ಲೆ ವರ್ಷದ ರೊಕ್ಕ ಕಟ್ ಆಗಬಹುದು.

ಹಿರೇರ ಹೆಸರು ತಿಳೀಬೇಕಂದ್ರ ನಿಮ್ಮ ಮನೆತನದ ಹೆಳವರನ್ನ ಹುಡುಕ್ರಿ. ನಸುಕಿನ್ಯಾಗ ಬಾಗಲ ಮುಂದ ನಿಂತು ಮೂಲಪುರುಷನಿಂದ ಹಿಡಿದು ಒಂದೊಂದ ಹೆಸರು ಹೇಳ್ಕೋತ ಬರ್ತಾರ, ಹೊಸಾ ಕೂಸಿನ ಹೆಸರು ವಹಿಯಾಗ ಬರಕೊಂಡು ಕಾಳು ಹಾಕಿಸ್ಕೊಂಡು ಹೋಗ್ತಾರ. ಅದನ್ನ ತಹಶೀಲ್ದಾರ್ ಸರ್ಟಿಫಿಕೇಟ್ ಅಂತ ತಗೊಳ್ಳಂಗಿಲ್ಲ ಖರೆ, ಆದ್ರ ಅಣ್ಣ ಯಾರು ತಮ್ಮ ಯಾರು ಅಂತ ಗೊತ್ತಾದ್ರ ತಾಲೂಕ ಕಚೇರಿ ರೆಕಾರ್ಡ್ ರೂಮಿನ್ಯಾಗ ಕೈಬರಹದ ಉತಾರ (ಪಹಣಿ), ಹಳೇ ಡೈರಿ (ಹೊಲದ ಹಕ್ಕು ಬದಲಾದ ದಾಖಲಿ) ಹುಡಕಾಕ ಹಗುರ ಆಗತೈತಿ.

ಆಧಾರ್ ಕಳಿಸೀರಲ್ಲ, ಇವತ್ತ ಬಯೋಮೆಟ್ರಿಕ್ ಲಾಕ್ ಮಾಡ್ರಿ. ರೊಕ್ಕ ಹೋದ್ರ ತಡಾ ಮಾಡದ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ಚಬೇಕು.

ಪ್ರಶ್ನೆ: ಅಮೆರಿಕಾದಾಗಿರೋ ಮಗಾ ವಂಶ ತಿಳ್ಕೊಳ್ಳಾಕ ಡಿಎನ್‌ಎ ಕಿಟ್ ಕಳಿಸ್ಯಾನ. ಉಗುಳು ಕಳಸ್ಲೇನ್ರಿ?
– ಓದುಗರು, ಹುಬ್ಬಳ್ಳಿ

ಉತ್ತರ: ಡಿಎನ್‌ಎ ಮುತ್ತಜ್ಜನ ಹೆಸರು ಹೇಳಂಗಿಲ್ರಿ ಅಕ್ಕಾರ. ಅದೇ ಕಂಪನಿಗೆ ಉಗುಳು ಕೊಟ್ಟ ನೆಂಟ್ರು ಯಾರು, ಮೂಲ ಅಂದಾಜು ಯಾವ ಕಡಿದು, ಅಷ್ಟ. 23ಆಂಡ್‌ಮಿ ಕಂಪನಿ ಕಡಿಂದ 2023ರಾಗ ಸುಮಾರು 69 ಲಕ್ಷ ಮಂದಿ ಮಾಹಿತಿ ಸೋರಿತ್ತು, 2025ರಾಗ ಅದು ದಿವಾಳಿ ಅರ್ಜಿನೂ ಹಾಕ್ತು. ಮಗಾ ಹಟಾ ಹಿಡದ್ರ ತನ್ನ ಉಗುಳ ಕಳಸ್ಲಿ ಬಿಡ್ರಿ, ನಿಮ್ಮ ಅರ್ಧ ಡಿಎನ್‌ಎ ಅದರಾಗ ಹೆಂಗೂ ಐತಿ.