ಹಬ್ಬ ಇಷ್ಟ, ಹಬ್ಬದ ದಿನ ಇಷ್ಟವಿಲ್ಲ

ನಿಮ್ಮ ಪತ್ರ ಮೂರು ಪುಟ ಇತ್ತು. ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಬೇರೆ ಓದುಗರಿಗೆ ತಲೆಬುಡ ತಿಳಿಯಬೇಕಲ್ಲ, ಅದಕ್ಕೆ ನೀವು ಬರೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ಮದುವೆಯಾಗಿ ಏಳು ವರ್ಷ. ಪ್ರತಿ ಕ್ರಿಸ್‌ಮಸ್‌ಗೂ ಅದೇ ಓಟ. 24ರ ರಾತ್ರಿ ಎಲ್ಲರೂ ಸೇರಿ ಚರ್ಚ್‌ಗೆ, 25ರ ಮಧ್ಯಾಹ್ನ ಅತ್ತೆ ಮನೆಯಲ್ಲಿ ಇಪ್ಪತ್ತೆರಡು ಜನರ ಊಟ, ಸಂಜೆ ಉಡುಗೊರೆ ಹಂಚುವುದು, 26ಕ್ಕೆ ನಿಮ್ಮ ತವರು. ಇದರಲ್ಲಿ ನಿಮಗೆ ನಿಜವಾಗಿ ಇಷ್ಟವಾಗುವುದು 24ರ ಸಂಜೆಯ ಒಂದು ಗಂಟೆ ಮಾತ್ರ. ಆಗ ಮನೆಯ ದೀಪ ಎಲ್ಲ ಆರಿಸಿ, ಕ್ರಿಸ್‌ಮಸ್ ಮರದ ದೀಪ ಮಾತ್ರ ಹಚ್ಚಿಕೊಂಡು, ಇಬ್ಬರು ಮಕ್ಕಳ ಜೊತೆ ಸುಮ್ನೆ ಕೂರುತ್ತೀರಿ. ಈ ಸಲ 25ನ್ನೂ ಹಾಗೇ ಕಳೆಯೋಣ, ನಾವು ನಾಲ್ಕೇ ಜನ ಎಂದು ಗಂಡನ ಹತ್ತಿರ ಹೇಳಿದಿರಿ. ಮಾತು ಅತ್ತೆಯ ಕಿವಿಗೆ ಬಿತ್ತು. "ಹಾಗಾದ್ರೆ ಹಬ್ಬ ಯಾಕೆ ಮಾಡಬೇಕು?" ಎಂದು ಕೇಳಿದವರು ಅಂದಿನಿಂದ ಮಾತು ಬಿಟ್ಟಿದ್ದಾರೆ. ಕೊನೆಗೆ ನೀವು ಕೇಳಿದ್ದು ಇಷ್ಟು: "ನನಗೆ ಹಬ್ಬ ಇಷ್ಟ, ನಮ್ಮ ಮನೆಯವರು ಮಾಡೋ ಹಬ್ಬ ಇಷ್ಟ ಇಲ್ಲ. ನಾನು ಸ್ವಾರ್ಥಿನಾ?"

ಅಲ್ಲ. ಆದರೆ ನೀವು ಮಾಡಿದ್ದು ಪೂರ್ತಿ ಸರಿಯೂ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ಸ್ವಲ್ಪ ತಡೆಯಿರಿ.

ಮೊದಲು ಆ "ಮೊದಲಿಂದಲೂ" ಅನ್ನೋ ಮಾತು. ಪತ್ರದಲ್ಲಿ ನಾಲ್ಕು ಸಲ ಬಂದಿದೆ. ಮೊದಲಿಂದಲೂ ಹೀಗೇ ಮಾಡಿಕೊಂಡು ಬಂದಿದ್ದಾರೆ, ಮೊದಲಿಂದಲೂ ಎಲ್ಲರೂ ಸೇರುತ್ತಾರೆ. ಮೊದಲು ಅಂದ್ರೆ ಯಾವಾಗ? ಬೈಬಲಿನಲ್ಲಿ ಮತ್ತಾಯ, ಲೂಕ ಇಬ್ಬರೂ ಯೇಸು ಹುಟ್ಟಿದ ಕತೆ ಹೇಳುತ್ತಾರೆ, ತಾರೀಖು ಇಬ್ಬರೂ ಹೇಳುವುದಿಲ್ಲ. ಡಿಸೆಂಬರ್ 25 ಎಂದು ಬರೆದಿರುವುದು ರೋಮ್‌ನಲ್ಲಿ 354ರಲ್ಲಿ ಸಿದ್ಧವಾದ ಒಂದು ಪಂಚಾಂಗದಲ್ಲಿ ಸಿಗುತ್ತದೆ. ಆಗಲೂ ಎಲ್ಲರೂ ಒಪ್ಪಿರಲಿಲ್ಲ. ಆರ್ಮೇನಿಯಾದ ಚರ್ಚ್ ಇವತ್ತಿಗೂ ಜನವರಿ 6ರಂದು ಈ ಹಬ್ಬ ಮಾಡುತ್ತದೆ. ರಷ್ಯಾ, ಸರ್ಬಿಯಾದ ಆರ್ಥಡಾಕ್ಸ್ ಚರ್ಚ್‌ಗಳವರು ಹಳೆಯ ಜೂಲಿಯನ್ ಪಂಚಾಂಗ ಬಿಟ್ಟಿಲ್ಲ, ಅದಕ್ಕೂ ನಮ್ಮ ಕ್ಯಾಲೆಂಡರ್‌ಗೂ 13 ದಿನ ವ್ಯತ್ಯಾಸ, ಹಾಗಾಗಿ ಅವರ ಡಿಸೆಂಬರ್ 25 ನಮಗೆ ಜನವರಿ 7. ತಾರೀಖಿನಲ್ಲೇ ಇಷ್ಟು ಭಿನ್ನಾಭಿಪ್ರಾಯ ಇಟ್ಟುಕೊಂಡು ಹಬ್ಬ ಇಷ್ಟು ಕಾಲ ನಡೆದಿದೆ. ಒಂದು ಊಟ ಆಚೀಚೆ ಆದರೆ ಮುರಿದುಬೀಳುವಂಥದ್ದಲ್ಲ ಅದು.

ಉಳಿದದ್ದನ್ನು ನೋಡಿದರೆ ಇನ್ನೂ ಮಜಾ ಇದೆ. ನಾವು ಸಂಪ್ರದಾಯ ಎಂದು ಕೈಮುಗಿಯುವ ಎಷ್ಟೋ ವಿಷಯ ಯಾರೋ ಒಬ್ಬರ ಮನಸ್ಸಿಗೆ ಬಂದದ್ದು. ಗೋದಲಿಯನ್ನೇ ತಗೊಳ್ಳಿ, ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬಲ್ಲಿ ಅಸ್ಸೀಸಿಯ ಫ್ರಾನ್ಸಿಸ್‌ಗೆ ಹುಲ್ಲು ತುಂಬಿದ ಗೋದಲಿ, ಎತ್ತು, ಕತ್ತೆ ಎಲ್ಲ ಕಣ್ಣಾರೆ ನೋಡಬೇಕು ಅನ್ನಿಸಿತು, ತರಿಸಿ ನಿಲ್ಲಿಸಿದರು. ಬೊಂಬೆಗಳಲ್ಲ, ನಿಜವಾದ ಎತ್ತು, ನಿಜವಾದ ಕತ್ತೆ. ಕ್ರಿಸ್‌ಮಸ್ ಕಾರ್ಡಿನ ಕತೆ ನನಗೆ ಇನ್ನೂ ಪ್ರೀತಿ, ಯಾಕೆಂದರೆ ನನ್ನ ಮೇಜಿನ ಮೇಲೂ ಉತ್ತರ ಬರೆಯದ ಪತ್ರಗಳ ರಾಶಿ ಇದೆ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್‌ಗೆ ಹಬ್ಬದ ಪತ್ರಗಳಿಗೆಲ್ಲ ಕೈಯಾರೆ ಉತ್ತರ ಬರೆಯಲು ಪುರುಸೊತ್ತಿರಲಿಲ್ಲ. ಒಬ್ಬ ಚಿತ್ರಕಾರನ ಕೈಯಲ್ಲಿ ಚಿತ್ರ ಬರೆಸಿ, ಶುಭಾಶಯ ಅಚ್ಚು ಹಾಕಿಸಿ, ಕಳಿಸಿಬಿಟ್ಟ. ಆ ಚಿತ್ರದಲ್ಲಿ ಮಗುವಿನ ಬಾಯಿಗೂ ವೈನ್ ಲೋಟ ಹಿಡಿದಿದ್ದಾರೆ ಎಂದು ಗಲಾಟೆಯೂ ಆಯಿತು, ಅದು ಬೇರೆ ಮಾತು. ಕೆಲಸ ತಪ್ಪಿಸಿಕೊಳ್ಳಲು ಹುಡುಕಿದ ದಾರಿ ಎರಡು ತಲೆಮಾರು ಕಳೆಯುವಷ್ಟರಲ್ಲಿ ಎಲ್ಲರ ತಲೆಗೂ ಕಟ್ಟಿದ ಕೆಲಸವಾಯಿತು. ಕಾರ್ಡ್ ಕಳಿಸದಿದ್ದರೆ ಮುನಿಸಿಕೊಳ್ಳುವವರೂ ಹುಟ್ಟಿಕೊಂಡರು!

ಮರ ಜರ್ಮನಿಯ ಮನೆಗಳಲ್ಲಿ ಅದಕ್ಕೂ ಮೊದಲೇ ಇತ್ತು. ಇಂಗ್ಲೆಂಡಿನಲ್ಲಿ ಅದು ಮನೆಮನೆಗೆ ಹರಡಲು 1848ರಲ್ಲಿ ಒಂದು ವಾರಪತ್ರಿಕೆಯಲ್ಲಿ ಬಂದ ಚಿತ್ರ ದೊಡ್ಡ ಕಾರಣ. ರಾಣಿ ವಿಕ್ಟೋರಿಯಾ, ಆಕೆಯ ಗಂಡ ಆಲ್ಬರ್ಟ್, ಮಕ್ಕಳು ಮರದ ಸುತ್ತ ನಿಂತಿರುವ ಚಿತ್ರ ಅದು. (ಪತ್ರಿಕೆಯವರನ್ನು ಕಡಿಮೆ ಅಂದಾಜು ಮಾಡಬೇಡಿ.) ಇನ್ನು ನಿಮ್ಮ ಆ ಒಂದು ಗಂಟೆ ಇದೆಯಲ್ಲ, ದೀಪ ಆರಿಸಿ ಮರದ ಬೆಳಕಲ್ಲಿ ಕೂರುವುದು, ಅದಕ್ಕೆ ನೀವು ಎಡ್ವರ್ಡ್ ಜಾನ್ಸನ್‌ನನ್ನು ನೆನೆಯಬೇಕು. ಎಡಿಸನ್ ಜೊತೆ ಕೆಲಸ ಮಾಡುತ್ತಿದ್ದವನು. 1882ರಲ್ಲಿ ನ್ಯೂಯಾರ್ಕ್‌ನ ತನ್ನ ಮನೆಯ ಮರಕ್ಕೆ 80 ಪುಟ್ಟ ಬಲ್ಬ್ ಕಟ್ಟಿದ. ಕೆಂಪು, ಬಿಳಿ, ನೀಲಿ. ಮರ ತಿರುಗುವ ಹಾಗೂ ಮಾಡಿದ್ದ. ಅಲ್ಲಿಯವರೆಗೆ ಒಣಗುತ್ತಿರುವ ಮರದ ಕೊಂಬೆಗೆ ಉರಿಯುವ ಮೇಣದಬತ್ತಿ ಸಿಕ್ಕಿಸುತ್ತಿದ್ದರು. ನೆನೆಸಿಕೊಂಡರೇ ಎದೆ ಝಲ್ ಅನ್ನುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ನೀವು ಸಂಪ್ರದಾಯ ಒಂದು ಕಡೆ, ನಿಮ್ಮ ಇಷ್ಟ ಇನ್ನೊಂದು ಕಡೆ ಎಂದು ಇಟ್ಟುಕೊಂಡು ಒದ್ದಾಡುತ್ತಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ನಿಮ್ಮ ಅತ್ತೆ ಮನೆಯ ಊಟವೂ ಒಂದು ಕಾಲದಲ್ಲಿ ಯಾರದೋ ಇಷ್ಟವೇ ಆಗಿತ್ತು. ವರ್ಷ ವರ್ಷ ನಡೆಯುತ್ತ ಬಂದು, ಶುರು ಮಾಡಿದವರು ಯಾರು ಅನ್ನುವುದು ಮರೆತುಹೋಗಿದೆ ಅಷ್ಟೇ.

ನಮ್ಮ ಮನೆಯ ಕತೆ ಕೇಳಿ. ನಮ್ಮಲ್ಲಿ ಹಬ್ಬದ ಉಡುಗೊರೆ ಬಿಚ್ಚುವುದು ಬೆಳಗಿನ ಜಾವ ಐದಕ್ಕೆ. ರಾತ್ರಿ ಚರ್ಚ್ ಮುಗಿಸಿ ಬಂದು ಮಲಗುವಾಗ ಒಂದೂವರೆ, ಐದಕ್ಕೆ ಎದ್ದು ಕಣ್ಣು ಉಜ್ಜಿಕೊಳ್ಳುತ್ತ ಮರದ ಮುಂದೆ ಕೂರಬೇಕು. ಚಿಕ್ಕವರಿದ್ದಾಗ ಸರಿ. ನಮಗೆಲ್ಲ ನಲವತ್ತು ಹತ್ತಿರ ಬಂದರೂ ಅದೇ ಐದು ಗಂಟೆ! ಒಂದು ವರ್ಷ ನನ್ನ ತಮ್ಮನ ಹೆಂಡತಿ, ಮದುವೆಯಾದ ಹೊಸತು, ಆಕಳಿಸುತ್ತ ಕೇಳಿದಳು, "ಐದಕ್ಕೇ ಯಾಕೆ?" ಯಾರಿಗೂ ಗೊತ್ತಿಲ್ಲ. ಅಮ್ಮ ತುಂಬ ಹೊತ್ತು ಯೋಚಿಸಿ ಹೇಳಿದರು. ನನಗೆ ನಾಲ್ಕು ವರ್ಷ ಇದ್ದಾಗ ಒಂದು ಕ್ರಿಸ್‌ಮಸ್ ದಿನ ಅಪ್ಪನಿಗೆ ಮೊದಲ ಪಾಳಿ ಬಿತ್ತಂತೆ. ಆರಕ್ಕೆ ಮನೆ ಬಿಡಬೇಕಿತ್ತು. ಮಕ್ಕಳು ಉಡುಗೊರೆ ಬಿಚ್ಚುವುದನ್ನು ನೋಡಿಯೇ ಹೋಗುತ್ತೇನೆ ಎಂದು ನಮ್ಮನ್ನು ಐದಕ್ಕೆ ಎಬ್ಬಿಸಿದರಂತೆ. ಮುಂದಿನ ವರ್ಷ ನಾವು ಮಕ್ಕಳೇ ಐದಕ್ಕೆ ಎದ್ದು ಕೂತೆವು. ಮುಗಿಯಿತು. ಒಂದೇ ಒಂದು ದಿನದ ಪಾಳಿಗೋಸ್ಕರ ನಾವು ಮೂವತ್ತೈದು ವರ್ಷ ನಿದ್ದೆಗೆಟ್ಟಿದ್ದೆವು. ಅಮ್ಮ ನಮಗೆ ಇಷ್ಟ ಅಂದುಕೊಂಡಿದ್ದರು, ನಾವು ಅವರಿಗೆ ಇಷ್ಟ ಅಂದುಕೊಂಡಿದ್ದೆವು. ಎಲ್ಲರೂ ನಕ್ಕೂ ನಕ್ಕೂ ಸುಸ್ತಾಗಿ, ಮುಂದಿನ ಸಲದಿಂದ ಎಂಟಕ್ಕೆ ಎಂದು ತೀರ್ಮಾನ ಮಾಡಿದೆವು.

ಮುಂದಿನ ಕ್ರಿಸ್‌ಮಸ್. ನನಗೆ ಅಭ್ಯಾಸ ಬಲದಿಂದ ಐದಕ್ಕೇ ಎಚ್ಚರವಾಯಿತು. ನೀರು ಕುಡಿಯಲು ಹೊರಗೆ ಬಂದರೆ ಅಪ್ಪ ಸ್ವೆಟರ್ ಹಾಕಿಕೊಂಡು, ಮರದ ದೀಪ ಹಚ್ಚಿ, ಒಬ್ಬರೇ ಕೂತಿದ್ದಾರೆ. ಹಿಂದಿನ ವರ್ಷ ನಾವೆಲ್ಲ ನಗುವಾಗ ಅವರೂ ನಕ್ಕಿದ್ದರು. ಅವರನ್ನು ಮಾತ್ರ ಯಾರೂ ಕೇಳಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಉಡುಗೊರೆ ಬಿಚ್ಚಲಿಲ್ಲ, ಮಾತೂ ಆಡಲಿಲ್ಲ. ಈಗಲೂ ನಮ್ಮ ಮನೆಯಲ್ಲಿ ಎಲ್ಲರಿಗೂ ಎಂಟು ಗಂಟೆ, ನನಗೂ ಅಪ್ಪನಿಗೂ ಐದು ಗಂಟೆ.

ಈಗ ನಿಮ್ಮ ತಪ್ಪಿಗೆ ಬರುತ್ತೇನೆ. ನೀವು ಅತ್ತೆಯನ್ನು ಏನೂ ಕೇಳಲಿಲ್ಲ. ಗಂಡನಿಗೆ ಹೇಳಿದಿರಿ, ಅದು ಸುತ್ತಿ ಬಳಸಿ ಅವರಿಗೆ ಮುಟ್ಟಿತು, ಅದೂ ಹಬ್ಬ ಹತ್ತಿರ ಬಂದಾಗ. ಪತ್ರದ ಎರಡನೇ ಪುಟದ ಕೆಳಗೆ ಒಂದು ಸಾಲಿದೆ, ನೀವೇ ಬರೆದದ್ದು: "ಅತ್ತೆ ಮೂರು ದಿನ ಮೊದಲೇ ಅಡುಗೆ ಮನೆ ಸೇರುತ್ತಾರೆ, ಹಬ್ಬದ ದಿನ ಎಲ್ಲರ ಊಟ ಆದಮೇಲೆ ಅವರದ್ದು." ಇಪ್ಪತ್ತೆರಡು ಜನರ ಊಟ ನಿಂತಿರುವುದು ಒಬ್ಬರ ಬೆನ್ನಿನ ಮೇಲೆ. ಅವರಿಗೆ ಇದು ನಿಜಕ್ಕೂ ಇಷ್ಟವೋ, ನಮ್ಮ ಅಮ್ಮನ ಹಾಗೆ ನಿಮಗೆಲ್ಲ ಬೇಕು ಅಂದುಕೊಂಡು ಮಾಡುತ್ತಿದ್ದಾರೋ? ಅಥವಾ ನಮ್ಮ ಅಪ್ಪನ ಹಾಗೆ ಅವರಿಗೆ ವರ್ಷವಿಡೀ ಕಾಯುವ ದಿನ ಇದೊಂದೇನೋ? ಎರಡೂ ಇರಬಹುದು. ಇಲ್ಲಿ ಕೂತು ನನಗೆ ಹೇಳಲಾಗದು. ಒಂದೇ ಮನೆಗೆ ಏಳು ವರ್ಷದಿಂದ ಹೋಗಿ ಬರುತ್ತಿರುವ ನೀವು ಕೇಳಬಹುದಿತ್ತು. "ಹಾಗಾದ್ರೆ ಹಬ್ಬ ಯಾಕೆ?" ಎಂದದ್ದು ನಿಮಗೆ ಬೈಗುಳದಂತೆ ಕೇಳಿಸಿದೆ. "ಇಷ್ಟು ವರ್ಷ ನಾನು ಮಾಡಿದ್ದು ನಿಮಗೆ ಬೇಡವಾಗಿತ್ತಾ?" ಎಂದು ಅವರು ಕೇಳಿದ ಹಾಗೆ ನನಗೆ ಕೇಳಿಸುತ್ತಿದೆ.

ಇನ್ನೊಂದು. ನಾವು ನಾಲ್ಕೇ ಜನ ಎಂದಿರಿ. ನಾಲ್ವರಲ್ಲಿ ಇಬ್ಬರು ಮಕ್ಕಳು. ಅವರಿಗೆ ಚಿಕ್ಕಪ್ಪ, ಅತ್ತೆಯರ ಮಕ್ಕಳ ಜೊತೆ ಕುಣಿಯುವುದೇ ಹಬ್ಬ ಇರಬಹುದು. ನಿಮಗೆ ತಲೆನೋವು ತರುವ ಗದ್ದಲ ಅವರಿಗೆ ಮುಂದೆ ನೆನಪಿನಲ್ಲಿ ಉಳಿಯುವ ಗದ್ದಲ ಆಗಿರಬಹುದು. ಇನ್ನು ನಿಮ್ಮ ಗಂಡ. ಅವರ ಬಗ್ಗೆ ಮೂರು ಪುಟದಲ್ಲಿ ಎರಡೇ ಪದ ಇವೆ, "ಅವರು ಸುಮ್ಮನಿದ್ದಾರೆ." ಅದು ಸರಿಯಲ್ಲ. ಅವರ ತಾಯಿ, ಅವರ ಮನೆಯ ಹಬ್ಬ. ಅವರು ಬಾಯಿ ಬಿಡದಿದ್ದರೆ ಕೆಟ್ಟ ಸೊಸೆ ಎಂಬ ಹೆಸರು ನಿಮಗೆ ಬರುತ್ತದೆ, ಒಳ್ಳೆಯ ಮಗ ಎಂಬ ಹೆಸರು ಅವರಿಗೆ ಉಳಿಯುತ್ತದೆ. ಈ ಪುಟವನ್ನು ಅವರ ಕೈಗೆ ಕೊಡಿ, ಬೇಕಾದರೆ ನನ್ನ ಮೇಲೆ ಸಿಟ್ಟಾಗಲಿ.

ನನಗೆ ಇನ್ನೊಂದು ಥರದ ಪತ್ರವೂ ಬರುತ್ತದೆ. ಯಾರೂ ಕರೆಯುವವರಿಲ್ಲದೆ ಹಬ್ಬದ ದಿನ ಬಾಗಿಲು ಹಾಕಿಕೊಂಡು ಮಲಗುವವರದ್ದು. ಅಂಥವರನ್ನು ತೋರಿಸಿ, ನಿಮಗೆ ಇಪ್ಪತ್ತೆರಡು ಜನ ಇದ್ದಾರಲ್ಲ, ಪುಣ್ಯ ಮಾಡಿದ್ದೀರಿ, ಸುಮ್ಮನಿರಿ ಅನ್ನುವುದು ಸುಲಭ. ನಾನು ಅನ್ನುವುದಿಲ್ಲ. ಎಲ್ಲೋ ಹಸಿದವರಿದ್ದಾರೆ ಎಂದು ಹೊಟ್ಟೆ ತುಂಬಿದವರ ಬಾಯಿಗೆ ಇನ್ನೊಂದು ತುತ್ತು ತುರುಕುವುದು ಯಾವ ನ್ಯಾಯ? ಗದ್ದಲದಲ್ಲಿ ಬತ್ತಿಹೋಗುವ ಜನ ಇದ್ದಾರೆ. ನೀವು ಅಂಥವರು, ನಾನೂ ಸ್ವಲ್ಪ ಅಂಥವನೇ. ಅದು ಗುಣ, ದೋಷವಲ್ಲ.

ಹಬ್ಬ ಹೀಗೇ ಇರಬೇಕು ಎಂದು ಹೇರುವುದೂ ಹಬ್ಬವೇ ಬೇಡ ಎಂದು ಹೇರುವುದೂ ಹಳೆಯ ಚಾಳಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದರೆ ಐದು ಶಿಲಿಂಗ್ ದಂಡ ಇತ್ತು. ದಂಡ ಹಾಕಿದವರೂ ಕಟ್ಟಾ ಕ್ರೈಸ್ತರೇ! ಬೈಬಲ್‌ನಲ್ಲಿ ಇಲ್ಲದ ಹಬ್ಬ ಯಾಕೆ ಎಂದು ಅವರ ವಾದ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಮರ ಕಡಿದು ತಂದು ದೀಪ ಹಚ್ಚಿದರು.

ಸರಿ, ಈಗ ಏನು ಮಾಡಬೇಕು? ಈ ವರ್ಷ ಊಟಕ್ಕೆ ಹೋಗಿ. ನಾಲ್ಕು ದಿನ ಉಳಿದಿರುವಾಗ ಗೆದ್ದರೂ ಸೋತರೂ ಕಹಿಯೇ. ಆದರೆ ಬರೀ ಊಟದ ಹೊತ್ತಿಗೆ ಹೋಗಬೇಡಿ, ಹಿಂದಿನ ದಿನ ಬೆಳಿಗ್ಗೆಯೂ ಅತ್ತೆಯ ಅಡುಗೆ ಮನೆಗೆ ಹೋಗಿ, ಎರಡು ಗಂಟೆ ಕಾಲ ಇರಿ. ಈರುಳ್ಳಿ ಹೆಚ್ಚುತ್ತ ಕೇಳಿ, "ಅತ್ತೆ, ಈ ಊಟ ಯಾರು ಶುರು ಮಾಡಿದ್ದು?" ಅಷ್ಟೇ ಕೇಳಿ. ಕ್ಷಮೆ, ವಿವರಣೆ ಏನೂ ಬೇಡ. ಮಾತು ಬಿಟ್ಟವರಿಗೂ ಹಳೆಯ ಕತೆ ಕೇಳಿದರೆ ಬಾಯಿ ಕಟ್ಟಿಕೊಂಡಿರುವುದು ಕಷ್ಟ. 24ರ ಸಂಜೆಯ ನಿಮ್ಮ ಒಂದು ಗಂಟೆಯನ್ನು ಯಾರಿಗೂ ಬಿಟ್ಟುಕೊಡಬೇಡಿ. ಆದರೆ ಅದನ್ನು ಗುಟ್ಟಾಗಿಯೂ ಇಡಬೇಡಿ. ನಮ್ಮ ಮನೆಯಲ್ಲಿ ಹೀಗೊಂದು ಮಾಡುತ್ತೇವೆ ಎಂದು ಹೇಳಿ, ಬೇಕಾದರೆ ಅವರನ್ನೂ ಕರೆಯಿರಿ. ಬಂದರೆ ಐದು ಜನ. ಅವರು ಸುಮ್ಮನೆ ಕೂರುವುದನ್ನು ನೀವು ನೋಡಿಯೇ ಇಲ್ಲ, ಅಲ್ವಾ?

ನಿಮಗೆ ಬೇಕಾದ ಇಡೀ ದಿನದ ಮೌನಕ್ಕೆ ಇನ್ನೊಂದು ದಾರಿ ಇದೆ. ಚರ್ಚ್ ಲೆಕ್ಕದಲ್ಲಿ ಕ್ರಿಸ್‌ಮಸ್ 25ಕ್ಕೆ ಮುಗಿಯುವುದೇ ಇಲ್ಲ. 25ರಿಂದ ಜನವರಿ 5ರವರೆಗೆ ಹನ್ನೆರಡು ದಿನ, 6ಕ್ಕೆ ಮಗು ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಹಬ್ಬ. ನಾವು ಅಂಗಡಿಯವರ ಮಾತು ಕೇಳಿ ನವೆಂಬರ್‌ನಲ್ಲೇ ಶುರು ಮಾಡಿ 26ಕ್ಕೆ ಸುಸ್ತಾಗಿ ಮರ ಬಿಚ್ಚುತ್ತೇವೆ. ನೀವು 28ನ್ನೋ 30ನ್ನೋ ಎತ್ತಿಟ್ಟುಕೊಳ್ಳಿ. ಫೋನ್ ಆರಿಸಿ, ಮಲಗಿ, ಓದಿ, ರಾತ್ರಿ ಮರದ ದೀಪ ಹಚ್ಚಿ. ಕದ್ದ ದಿನ ಅಂದುಕೊಳ್ಳಬೇಡಿ, ಅದೂ ಕ್ರಿಸ್‌ಮಸ್ಸೇ. ಮುಂದಿನ ವರ್ಷ 25ನ್ನೇ ಬದಲಿಸಬೇಕೆಂದಿದ್ದರೆ ಸೆಪ್ಟೆಂಬರ್‌ನಲ್ಲಿ ಮಾತೆತ್ತಿ, ಅದೂ ಗಂಡನ ಬಾಯಿಂದ. ಏನು ಬೇಡ ಎಂದು ಶುರು ಮಾಡಬೇಡಿ, ಏನು ಬೇಕು ಎಂದು ಹೇಳಿ.

ಪತ್ರದ ಕೊನೆಯಲ್ಲಿ ಇನ್ನೊಂದು ಚಿಕ್ಕ ಪ್ರಶ್ನೆ ಕೇಳಿದ್ದೀರಿ. ನಮಗೆ ಬೇಡದ ಉಡುಗೊರೆಯನ್ನು ಬೇರೆಯವರಿಗೆ ಕೊಡಬಹುದಾ ಎಂದು. ಧಾರಾಳವಾಗಿ ಕೊಡಿ. ಯಾರು ಕೊಟ್ಟಿದ್ದು ಎಂದು ಮಾತ್ರ ಒಂದು ಕಡೆ ಬರೆದಿಟ್ಟುಕೊಳ್ಳಿ, ಪೊಟ್ಟಣ ಒಂದು ಸಲ ಬಿಚ್ಚಿಯೂ ನೋಡಿ. ಹೋದ ವರ್ಷ ನನಗೊಂದು ಚಂದದ ಡೈರಿ ಬಂತು. ತೆಗೆದರೆ ಮೊದಲ ಪುಟದಲ್ಲಿ ಶುಭಾಶಯ, ಕೆಳಗೆ ನನ್ನದೇ ಸಹಿ.